ರೋಪ್‌ವೇಗೆ ಕಾಯಬೇಡಿ, ಮೇಡಂ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬಂದ, ಉತ್ತರಾಖಂಡದ ಹಿಮಾಲಯದಲ್ಲಿರುವ ಹೇಮಕುಂಡ ಸರೋವರದ ಪ್ರವಾಸ ಲೇಖನ ಓದಿದೆ. ಅದರಲ್ಲಿ ಮಧ್ಯಾಹ್ನದ ಹೊತ್ತಿಗೆ ಬ್ರಹ್ಮಕಮಲ ಅರಳಿ ನಿಂತಿತ್ತು ಅಂತ ಇದೆ. ನಮ್ಮ ಮನೆಯ ಬ್ರಹ್ಮಕಮಲ ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡಿ ಜೋತುಬೀಳುತ್ತದೆ. ಇಂಥ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಇನ್ನೊಂದು ಮಾತು. ನನಗೀಗ 63 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಆ ಸರೋವರ ನೋಡಬೇಕೆಂಬ ಆಸೆ ತುಂಬಾ ಇದೆ. ರೋಪ್‌ವೇ ಬರುತ್ತಂತೆ, ಅಲ್ಲಿಯವರೆಗೆ ಸುಮ್ನಿರು ಅಂತಾನೆ ಮಗ. ನೀವೇನು ಹೇಳುತ್ತೀರಿ?
– ಸಾಗರದ ಓದುಗರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ. ಮೊದಲು ಹೂವಿನ ವಿಷಯ ಮುಗಿಸಿಬಿಡೋಣ. ನೀವು ಬರೆದದ್ದೂ ನಿಜ, ಲೇಖನದಲ್ಲಿ ಇದ್ದದ್ದೂ ನಿಜ. ಇವು ಎರಡು ಬೇರೆ ಬೇರೆ ಗಿಡಗಳು. ನಮ್ಮೂರುಗಳಲ್ಲಿ ಕುಂಡದಲ್ಲಿ ಬೆಳೆಸುತ್ತೇವಲ್ಲ, ಎಲೆಯಂಥ ಚಪ್ಪಟೆ ಕಾಂಡದ ಅಂಚಿನಿಂದ ಮೊಗ್ಗು ಬಿಟ್ಟು ರಾತ್ರಿ ಬೆಳ್ಳಗೆ ಅರಳುವುದು, ಅದು ಕಳ್ಳಿಯ ಜಾತಿ. ಮೂಲ ಊರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬದ್ದು. ಬಂಡೆಗಳ ನಡುವೆ ಮೊಣಕಾಲೆತ್ತರ ಬೆಳೆಯುವ ಗಿಡ. ನಾವು ಎಸಳು ಅಂದುಕೊಳ್ಳುವುದು ಎಸಳಲ್ಲ. ತೆಳು ಹಳದಿ ಮಿಶ್ರಿತ ಹಸಿರಿನ, ಕಾಗದದಂಥ ಹೊದಿಕೆ ಅದು. ಅದರೊಳಗೆ ನೇರಳೆ ಬಣ್ಣದ ಸಣ್ಣ ಸಣ್ಣ ಹೂಗಳ ಗೊಂಚಲು ಇರುತ್ತದೆ. ಮಳೆ, ಮಂಜು, ಚಳಿಯಿಂದ ಒಳಗಿನ ಹೂವನ್ನು ಆ ಹೊದಿಕೆ ಕಾಯುತ್ತದೆ. ಹಗಲಲ್ಲೇ ಕಾಣುತ್ತದೆ, ಒಂದು ರಾತ್ರಿಗೆ ಮುಗಿಯುವ ಹೂವಲ್ಲ. ಉತ್ತರಾಖಂಡದ ರಾಜ್ಯ ಪುಷ್ಪ ಅದೇ. ಅಲ್ಲಿನ ಹಳ್ಳಿಯವರು ನಂದಾಷ್ಟಮಿಗೆ ದೇವಿಗೆ ಏರಿಸುವುದೂ ಅದನ್ನೇ.

ಹಾಗಂತ ನಿಮ್ಮ ಮನೆಯ ಹೂವು ಸುಳ್ಳು ಅಂತ ಖಂಡಿತ ಹೇಳಲಾರೆ. ಮೊಗ್ಗು ದಪ್ಪಗಾದ ಸಂಜೆ ಅಕ್ಕಪಕ್ಕದವರನ್ನೆಲ್ಲ ಕರೆದು, ದೀಪ ಹಚ್ಚಿಟ್ಟು, ಅರಳುವವರೆಗೂ ಕಾದು ಕೂರುವ ಮನೆಯಲ್ಲಿ ನಾನೂ ಬೆಳೆದವನು.

ಆದರೆ ಅದೇ ಲೇಖನದಲ್ಲಿ ನಿಜವಾದ ತಪ್ಪೊಂದಿದೆ. ಅದು ನಿಮ್ಮಂಥ ಪ್ರಯಾಣಿಕರಿಗೆ ತೊಂದರೆ ಮಾಡುವಂಥದ್ದು. 'ಬೇಕಾದರೆ ರಾತ್ರಿ ಸರೋವರದ ಹತ್ತಿರವೇ ಉಳಿಯಬಹುದು' ಎಂದು ಅಚ್ಚಾಗಿದೆ. ಉಳಿಯುವ ಹಾಗಿಲ್ಲ. ಯಾತ್ರಿಕರು ಮಧ್ಯಾಹ್ನವೇ ಹೊರಟು ಕೆಳಗಿನ ಘಾಂಗರಿಯಾ ಎಂಬ ಊರಿಗೆ ಇಳಿಯಲೇಬೇಕು. ಆ ಸಾಲು ನನ್ನ ಕೈದಾಟಿಯೇ ಹೋಗಿದೆ. ಕ್ಷಮೆ ಕೇಳುತ್ತೇನೆ.

ಈಗ ನಿಮ್ಮ ಆಸೆಯ ವಿಷಯ. ನನ್ನ ಉತ್ತರ ಇಷ್ಟೇ: ಡಾಕ್ಟರ್ ಒಪ್ಪಿದರೆ ಹೋಗಿ. ನಿಧಾನಕ್ಕೆ ಹೋಗಿ. ರೋಪ್‌ವೇಗೆ ಕಾಯಬೇಡಿ. ಯಾಕೆ ಅಂತ ಹೇಳಬೇಕಾದರೆ ಆ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಹೋಗಿದ್ದು ಒಂದು ಸೆಪ್ಟೆಂಬರ್‌ನಲ್ಲಿ. ಹೃಷಿಕೇಶದಿಂದ ಬಸ್ಸು ಮೊದಲು ಗಂಗೆಯ, ದೇವಪ್ರಯಾಗದಿಂದ ಮುಂದೆ ಅಲಕನಂದೆಯ ಪಕ್ಕದಲ್ಲೇ ಹತ್ತುತ್ತಾ ಹೋಗುತ್ತದೆ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಒಂದೊಂದಾಗಿ ಬರುತ್ತವೆ. ಜೋಶಿಮಠ ದಾಟಿದ ಮೇಲೆ ವಿಷ್ಣುಪ್ರಯಾಗ, ಆಮೇಲೆ ಗೋವಿಂದಘಾಟ್. ಬದರಿಗೆ ಹೋಗುವವರು ಮುಂದೆ ಹೋಗುತ್ತಾರೆ, ಹೇಮಕುಂಡಕ್ಕೆ ಹೋಗುವವರು ಇಲ್ಲಿ ಇಳಿದು ಹೊಳೆ ದಾಟುತ್ತಾರೆ. ಗೋವಿಂದಘಾಟ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಆಸುಪಾಸು. ಅಂದರೆ ಕರ್ನಾಟಕದ ಅತಿ ಎತ್ತರದ ಜಾಗ ಹೆಚ್ಚು ಕಡಿಮೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಈ ಚಾರಣ ಶುರು. ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ.

ಪುಲನಾ ಎಂಬ ಹಳ್ಳಿಯವರೆಗೆ ಜೀಪು ಹೋಗುತ್ತದೆ. ಅಲ್ಲಿಂದ ಘಾಂಗರಿಯಾಕ್ಕೆ ಸುಮಾರು ಹತ್ತು ಕಿಲೋಮೀಟರ್ ನಡಿಗೆ. ಲಕ್ಷ್ಮಣ ಗಂಗೆ ಪಕ್ಕದಲ್ಲೇ ಮೊರೆಯುತ್ತಿರುತ್ತದೆ. ಕಲ್ಲು ಹಾಸಿದ ದಾರಿ, ಮೇಲೆ ಹೇಸರಗತ್ತೆಗಳ ಲದ್ದಿ, ಮಳೆ ಬಂದರೆ ಜಾರಿಕೆ. ನಡುವೆ ಭ್ಯುಂಡಾರ್ ಎಂಬ ಊರು. ಅಲ್ಲಿಯ ಜನ ಬೇಸಿಗೆಯಲ್ಲಿ ಮೇಲೆ ಇದ್ದು, ಹಿಮ ಬೀಳುವ ಹೊತ್ತಿಗೆ ಕೆಳಗಿಳಿಯುವವರು. ಭ್ಯುಂಡಾರ್ ಬಳಿಯ ಸೇತುವೆ ದಾಟಿದ ಮೇಲೆ ಏರು ಕಡಿದಾಗುತ್ತದೆ, ಅಲ್ಲಿಯವರೆಗೂ ಹರಟೆ ಹೊಡೆಯುತ್ತಿದ್ದವರೆಲ್ಲ ಸುಮ್ಮನಾಗುತ್ತಾರೆ. ಕೊನೆಗೆ ಫರ್ ಮರಗಳ ನಡುವೆ ತಗಡಿನ ಮಾಡುಗಳು ಕಾಣುತ್ತವೆ. ಅದೇ ಘಾಂಗರಿಯಾ, 3,050 ಮೀಟರ್ ಹತ್ತಿರ. ಗುರುದ್ವಾರದಲ್ಲಿ ಉಳಿಯಬಹುದು, ಲಾಡ್ಜ್‌ಗಳೂ ಇವೆ.

ಊರು ದಾಟಿ ಸ್ವಲ್ಪ ದೂರ ಹೋದರೆ ದಾರಿ ಕವಲಾಗುತ್ತದೆ. ಎಡಕ್ಕೆ ಹೂಗಳ ಕಣಿವೆ, ಬಲಕ್ಕೆ ಹೇಮಕುಂಡ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುತ್ತಿದ್ದ ಫ್ರಾಂಕ್ ಸ್ಮೈತ್ ಎಂಬ ಬ್ರಿಟಿಷ್ ಪರ್ವತಾರೋಹಿ ಈ ಕಣಿವೆ ಕಂಡು ಬೆರಗಾಗಿ ಬರೆದ ಮೇಲೆ ಹೊರಗಿನವರಿಗೆ ಇದು ಗೊತ್ತಾಯಿತು. ಕುರಿ ಮೇಯಿಸುತ್ತಿದ್ದ ಭ್ಯುಂಡಾರ್ ಜನರಿಗೆ ಮೊದಲೇ ಗೊತ್ತಿತ್ತು ಬಿಡಿ. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಿಮಗೆ ನಾನು ಹೇಳುವುದು: ಮೊದಲ ದಿನ ಎಡಕ್ಕೆ ಹೋಗಿ. ಹೂವಿಗಾಗಿ ಅಷ್ಟೇ ಅಲ್ಲ, ನಿಮ್ಮ ಶ್ವಾಸಕೋಶಕ್ಕಾಗಿ. ಕಣಿವೆಯಲ್ಲಿ ಒಂದು ದಿನ ಆರಾಮಾಗಿ ಓಡಾಡಿ, ಮತ್ತೆ ಘಾಂಗರಿಯಾದಲ್ಲೇ ಮಲಗಿದರೆ ಮೈ ತೆಳು ಗಾಳಿಗೆ ಒಗ್ಗುತ್ತದೆ. ಮಾರನೇ ದಿನ ಬಲಕ್ಕೆ.

ಆ ಬಲಗಡೆಯ ದಾರಿ ಆರೇ ಕಿಲೋಮೀಟರ್. ಆದರೆ ಅಷ್ಟರಲ್ಲೇ ಸಾವಿರ ಮೀಟರ್‌ಗಿಂತ ಜಾಸ್ತಿ ಏರಬೇಕು. ನಾನು ಬೆಳಗ್ಗೆ ಐದೂವರೆಗೆ ಹೊರಟೆ. ಮೊದಲ ಗಂಟೆಯಲ್ಲಿ ಇನ್ನೂ ಮರಗಳಿದ್ದವು, ಬಿಳಿ ತೊಗಟೆಯ ಭೂರ್ಜ ಮರಗಳು. ನಮ್ಮ ಹಳೆಯ ಕಥೆಗಳಲ್ಲಿ ಬರುವ ಭೂರ್ಜಪತ್ರ ಇದರ ತೊಗಟೆಯೇ. ಆಮೇಲೆ ಮರ ಮುಗಿಯಿತು. ಹುಲ್ಲು, ಬಂಡೆ, ಮಂಜು. ನೂರು ಹೆಜ್ಜೆ ಇಡುವುದು, ನಿಲ್ಲುವುದು. ಆಮೇಲೆ ಐವತ್ತು ಹೆಜ್ಜೆ. ಆಮೇಲೆ ಇಪ್ಪತ್ತು. ನನ್ನ ಮುಂದೆ ಪಂಜಾಬಿನ ಅಜ್ಜಿಯೊಬ್ಬರು ಬರಿಗಾಲಲ್ಲಿ ಹತ್ತುತ್ತಿದ್ದರು. ಪ್ರತಿ ತಿರುವಿನಲ್ಲೂ ಕೂರುತ್ತಿದ್ದರು, ಪ್ರತಿ ಸಲ ಎದ್ದೂ ಬಿಡುತ್ತಿದ್ದರು. ಇಳಿದು ಬರುವವರು 'ವಾಹೆಗುರು' ಎನ್ನುತ್ತಾ, ಜೇಬಿನಿಂದ ಒಂದು ಹಿಡಿ ಗ್ಲೂಕೋಸ್ ಪುಡಿಯನ್ನೋ ಸಕ್ಕರೆ ಮಿಠಾಯಿಯನ್ನೋ ಅಂಗೈಗೆ ಹಾಕಿ ಹೋಗುತ್ತಿದ್ದರು. ಗುರುತು ಪರಿಚಯ ಏನೂ ಬೇಕಿರಲಿಲ್ಲ. ಅಜ್ಜಿ ನನಗಿಂತ ಮೊದಲು ಮೇಲೆ ತಲುಪಿದರು.

ಬ್ರಹ್ಮಕಮಲ ನನಗೆ ಕಂಡದ್ದು ಕೊನೆಯ ಏರಿನಲ್ಲಿ. ಬಂಡೆಯ ಸಂದಿಯಲ್ಲಿ ಒಂದು, ಸ್ವಲ್ಪ ಮೇಲೆ ಹತ್ತಾರು. ಮುಟ್ಟಿ ನೋಡಿದರೆ ಒದ್ದೆ ಹಾಳೆ ಮುಟ್ಟಿದ ಹಾಗೆ. ದಯವಿಟ್ಟು ಕೀಳಬೇಡಿ.

ತಿರುವು ದಾಟಿದರೆ ಸರೋವರ. ಹಿಮನದಿ ಕೊರೆದ ಗುಂಡಿಯಲ್ಲಿ ನಿಂತ ನೀರು. ಸುತ್ತಲೂ ಏಳು ಶಿಖರಗಳು. ನಾನು ಹೋದಾಗ ಪೂರ್ತಿ ಮಂಜು ಕವಿದಿತ್ತು. ದಡದಲ್ಲಿ ನಿಂತರೂ ನೀರು ಹತ್ತು ಅಡಿಯಾಚೆ ಕಾಣುತ್ತಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಮಂಜು ಒಂದು ಕಡೆಯಿಂದ ಎದ್ದಿತು. ಮೊದಲು ನೀರು, ಆಮೇಲೆ ನೀರಿನಲ್ಲಿ ಬೆಟ್ಟ, ಆಮೇಲೆ ಬೆಟ್ಟ. ಪಕ್ಕದಲ್ಲಿದ್ದವರೆಲ್ಲ ಎದ್ದು ನಿಂತರು. ಐದು ನಿಮಿಷ ಇರಬಹುದು, ಮತ್ತೆ ಮುಚ್ಚಿತು.

ಇಲ್ಲಿ ದಡದ ಮೇಲೆ ಎರಡು ನಂಬಿಕೆಗಳು ಅಕ್ಕಪಕ್ಕ ಇವೆ. ಹಳ್ಳಿಯವರಿಗೆ ಇದು ಲೋಕಪಾಲ. ಲಕ್ಷ್ಮಣ ತಪಸ್ಸು ಮಾಡಿದ ಜಾಗ ಎನ್ನುತ್ತಾರೆ, ಅವನ ಪುಟ್ಟ ಗುಡಿ ಇದೆ. ಸಿಖ್ಖರಿಗೆ ಇದು ಗುರು ಗೋಬಿಂದ್ ಸಿಂಗರು ಹಿಂದಿನ ಜನ್ಮದಲ್ಲಿ ತಪಸ್ಸು ಮಾಡಿದ ಸ್ಥಳ. ಏಳು ಶಿಖರಗಳ ಹೇಮಕುಂಟ ಪರ್ವತ ಎಂಬ ಮಾತು ಗುರುಗಳ ಹೆಸರಿನಲ್ಲಿರುವ ಆತ್ಮಕಥನದ ಪದ್ಯಗಳಲ್ಲಿ ಬರುತ್ತದೆ. ಆ ಮಾತನ್ನೇ ಹಿಡಿದು 1930ರ ದಶಕದಲ್ಲಿ ಸಂತ ಸೋಹನ್ ಸಿಂಗ್ ಈ ಜಾಗ ಹುಡುಕಿಕೊಂಡು ಬಂದರು. ಹವಾಲ್ದಾರ್ ಮೋದನ್ ಸಿಂಗ್ ಅವರ ಜೊತೆಯಾದರು. ಮೊದಲು ಕಟ್ಟಿದ್ದು ಒಂದು ಸಣ್ಣ ಕೋಣೆ. ಈಗಿರುವುದು ನಕ್ಷತ್ರದಂಥ ಆಕಾರದ ಗುರುದ್ವಾರ. ಹಿಮದ ಭಾರ ತಡೆಯಲು ಅದರ ಮಾಡನ್ನು ಇಳಿಜಾರಾಗಿ ಕಟ್ಟಿದ್ದಾರೆ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಉಚಿತ ಊಟದ ಮನೆಯಲ್ಲಿ, ಬಿಸಿ ಖಿಚಡಿ, ಬಿಸಿ ಚಹಾ ಕೊಡುತ್ತಾರೆ. ಅಕ್ಕಿ, ಬೇಳೆ ಎಲ್ಲವೂ ಕೆಳಗಿನಿಂದ ಹೊತ್ತು ತಂದದ್ದು. ನಾನು ಎರಡು ಸಲ ಹಾಕಿಸಿಕೊಂಡೆ. ಸರೋವರದಲ್ಲಿ ಮುಳುಗುವ ಆಸೆ ಇದ್ದರೆ ಹೆಂಗಸರಿಗೆ ಮುಚ್ಚಿದ ಜಾಗ ಬೇರೆ ಇದೆ. ಆದರೆ ಆ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ. ನಿಮ್ಮ ಬಿಪಿ ನೋಡಿಕೊಂಡು ಯೋಚಿಸಿ, ತಲೆಗೆ ಪ್ರೋಕ್ಷಣೆ ಮಾಡಿಕೊಂಡರೂ ಆಯಿತು.

ಇನ್ನು ನಿಮ್ಮ ಮಗನ ಮಾತು. ಅವರಿಗೆ ನಿಮ್ಮ ಮೇಲಿನ ಕಾಳಜಿ, ಅದನ್ನು ನಾನು ತಳ್ಳಿಹಾಕುವುದಿಲ್ಲ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಈ ರೋಪ್‌ವೇಗೆ ಒಪ್ಪಿಗೆ ಕೊಟ್ಟದ್ದು ನಿಜ. ಗೋವಿಂದಘಾಟ್‌ನಿಂದ ಹೇಮಕುಂಡದವರೆಗೆ 12.4 ಕಿಲೋಮೀಟರ್, ವೆಚ್ಚ ಸುಮಾರು 2,730 ಕೋಟಿ ರೂಪಾಯಿ. ಆದರೆ ಒಪ್ಪಿಗೆ ಸಿಕ್ಕಿದ ಕೂಡಲೇ ರೋಪ್‌ವೇಯ ತೊಟ್ಟಿಲು ಓಡುವುದಿಲ್ಲ. ವರ್ಷಕ್ಕೆ ಆರೇಳು ತಿಂಗಳು ಹಿಮ ಮುಚ್ಚುವ ಬೆಟ್ಟದಲ್ಲಿ ಕಂಬ ನೆಡಬೇಕು. ನಿಮಗೆ ಈಗ 63.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ರೋಪ್‌ವೇ ನಿಮ್ಮ ಕಾಲಿನ ಕೆಲಸವನ್ನು ಮಾಡುತ್ತದೆ, ಶ್ವಾಸಕೋಶದ ಕೆಲಸವನ್ನು ಮಾಡುವುದಿಲ್ಲ. ಸರೋವರ ಇರುವುದು 4,300 ಮೀಟರ್ ಆಸುಪಾಸಿನಲ್ಲಿ. ಅಷ್ಟು ಮೇಲೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಶೇ 60ರಷ್ಟು. ತೊಟ್ಟಿಲಲ್ಲಿ ಕೂತು ಹೋದರೂ ಅಷ್ಟೇ, ನಡೆದು ಹೋದರೂ ಅಷ್ಟೇ. ನಡೆದು ಹೋದವರಿಗೆ ದಾರಿಯಲ್ಲೇ ಎರಡು ಮೂರು ದಿನ ಕಳೆದಿರುತ್ತದೆ, ಮೈ ಸ್ವಲ್ಪ ಸ್ವಲ್ಪವೇ ತಯಾರಾಗಿರುತ್ತದೆ. ಬೆಳಗ್ಗೆ ಗೋವಿಂದಘಾಟ್‌ನಲ್ಲಿ ತಿಂಡಿ ತಿಂದು ಸ್ವಲ್ಪ ಹೊತ್ತಿನಲ್ಲೇ ನೇರ ಮೇಲೆ ಹೋಗಿ ಇಳಿದವರಿಗೆ ಆ ಸಮಯವೇ ಸಿಗುವುದಿಲ್ಲ. ವಯಸ್ಸಾದವರಿಗೆ ಇದರಿಂದ ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ. ನಡೆಯಲು ಆಗದವರಿಗೆ ಅದು ವರವೇ ಇರಬಹುದು, ಬೇಡ ಅನ್ನಲು ನಾನ್ಯಾರು? ಆದರೆ ಅವರೂ ಘಾಂಗರಿಯಾದಲ್ಲಿ ಇಳಿದು, ಒಂದೆರಡು ರಾತ್ರಿ ಕಳೆದು ಮೇಲೆ ಹೋಗಲಿ.

ಮಂಡಿ ನೋವು ಬಂದರೆ ಏನು ಮಾಡುವುದು ಅಂತ ಕೇಳುತ್ತೀರಿ, ಅಲ್ವಾ? ಕುದುರೆ, ಹೇಸರಗತ್ತೆ ಸಿಗುತ್ತವೆ. ಬೆನ್ನಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗುವ ಕಂಡಿಯವರಿದ್ದಾರೆ, ನಾಲ್ಕು ಜನ ಹೊರುವ ಪಾಲಕಿಯೂ ಇದೆ. ಇವರಲ್ಲಿ ತುಂಬಾ ಜನ ನೇಪಾಳದಿಂದ ಬಂದು ಆ ನಾಲ್ಕು ತಿಂಗಳು ದುಡಿದು ಹೋಗುವವರು. ಘಾಂಗರಿಯಾದವರೆಗೆ ಕುದುರೆ, ಆಮೇಲೆ ನಡಿಗೆ ಅಂತ ಮಾಡಿಕೊಂಡರೂ ತಪ್ಪಿಲ್ಲ. ದುಡ್ಡನ್ನು ಮೊದಲೇ ಮಾತಾಡಿಕೊಳ್ಳಿ, ಚೌಕಾಸಿ ಜಾಸ್ತಿ ಮಾಡಬೇಡಿ.

ಹೊರಡುವ ಮೊದಲು ಹೃದಯ, ಬಿಪಿ, ಸಕ್ಕರೆ ತೋರಿಸಿ. ಎತ್ತರದ ಕಾಯಿಲೆಗೆ ಮಾತ್ರೆ ಬೇಕೇ ಬೇಡವೇ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ಅಂಗಡಿಯವರಲ್ಲ. ಮೇಲೆ ಹೋಗುವಾಗ ತಲೆನೋವು ಜಾಸ್ತಿಯಾಗಿ ವಾಂತಿ ಬಂದರೆ, ನಡಿಗೆ ತೂರಾಡಿದರೆ, ಕೂತಲ್ಲೂ ಉಸಿರು ಕಟ್ಟಿದರೆ ಅಲ್ಲಿಂದಲೇ ಇಳಿಯಿರಿ. ಸರೋವರ ಇನ್ನು ಕೂಗಳತೆಯಲ್ಲೇ ಇದ್ದರೂ ಇಳಿಯಿರಿ. ಈ ಒಂದು ವಿಷಯದಲ್ಲಿ ಯಾರ ಒತ್ತಾಯಕ್ಕೂ ಬಗ್ಗಬೇಡಿ.

ಬಾಗಿಲು ತೆರೆಯುವುದು ಮೇ ಕೊನೆಯಲ್ಲಿ, ಮುಚ್ಚುವುದು ಅಕ್ಟೋಬರ್ ಮೊದಲ ಭಾಗದಲ್ಲಿ. ಜೂನ್‌ನಲ್ಲಿ ದಾರಿಯಲ್ಲಿ ಹಿಮ ಇರುತ್ತದೆ. ಜುಲೈ, ಆಗಸ್ಟ್ ಹೂವಿನ ಕಾಲ, ಗುಡ್ಡ ಕುಸಿಯುವ ಕಾಲವೂ ಅದೇ. 2013ರ ಜೂನ್ ಪ್ರವಾಹದಲ್ಲಿ ಈ ಕಣಿವೆಯ ದಾರಿ, ಸೇತುವೆಗಳೆಲ್ಲ ಕೊಚ್ಚಿಹೋಗಿದ್ದವು. 2025ರ ಮಾರ್ಚ್‌ನಲ್ಲಿ ಗುಡ್ಡ ಕುಸಿದು ಗೋವಿಂದಘಾಟ್‌ನ ಸೇತುವೆಯೇ ಮುರಿದುಬಿತ್ತು. ನಿಮಗೆ ಸೆಪ್ಟೆಂಬರ್ ಮೊದಲೆರಡು ವಾರ ಒಳ್ಳೆಯದು. ಮಳೆ ಇಳಿಮುಖವಾಗಿರುತ್ತದೆ, ಬ್ರಹ್ಮಕಮಲವೂ ಇರುತ್ತದೆ. ಛತ್ರಿ ಬೇಡ, ಮಂಡಿ ಮುಚ್ಚುವ ರೇನ್‌ಕೋಟ್ ಒಯ್ಯಿರಿ. ಒಂದು ಊರುಗೋಲು ಇರಲಿ. ಇಳಿಯುವಾಗ ಮಂಡಿ ಉಳಿಸುವುದು ಅದೇ.

ಪತ್ರದ ಕೊನೆಯಲ್ಲಿ, ಮಗನಿಗೆ ಆರು ದಿನ ರಜೆ ಸಿಗಬಹುದು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಆರು ದಿನ ಸಾಲದು, ಮೇಡಂ. ಜೋಶಿಮಠದಲ್ಲಿ ಒಂದು ರಾತ್ರಿ, ಘಾಂಗರಿಯಾದಲ್ಲಿ ಮೂರು, ರಸ್ತೆ ಕಟ್ಟಾದರೆ ಇರಲಿ ಅಂತ ಎರಡು ದಿನ, ಹೋಗಿಬರುವ ದಾರಿಗೆ ನಾಲ್ಕು. ಹತ್ತು ದಿನ ಕೇಳಲು ಹೇಳಿ. ಅವರನ್ನೂ ಕರೆದುಕೊಂಡೇ ಹೋಗಿ.