ಹೊಸಬರು ಒಂದೇ ಭಾನುವಾರ ಬಂದು ಮತ್ತೆ ಬರುವುದಿಲ್ಲ, ನಮ್ಮ ಸಭೆಯಲ್ಲಿ ಏನು ಬದಲಿಸಬೇಕು?

ನೀವು ಬರೆದಿರುವ ಪ್ರಕಾರ ನಿಮ್ಮದು ಬೆಂಗಳೂರಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಚರ್ಚು) ಕನ್ನಡ ಸಭೆ, ಭಾನುವಾರ ಸುಮಾರು 150 ಜನ ಸೇರುತ್ತಾರೆ. ಬಾಗಿಲಲ್ಲಿ ಇಬ್ಬರು ಕೈಮುಗಿದು ಬರಮಾಡಿಕೊಳ್ಳುತ್ತಾರೆ, ಆದರೂ ಹೊಸಬರು ಮುಂದಿನ ವಾರ ಕಾಣುವುದಿಲ್ಲ. ಬಾಗಿಲಿನ ಕೆಲಸ ಸರಿಯಾಗಿಯೇ ನಡೆಯುತ್ತಿದೆ. ಎಡವಟ್ಟಾಗುವುದು ಒಳಗೆ ಕೂತ ಮೇಲೆ, ಅದಕ್ಕಿಂತ ಹೆಚ್ಚಾಗಿ ಆರಾಧನೆಯ ಕೊನೆಯ ಆಶೀರ್ವಾದ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ.

ಮೊದಲು ಕೂರಿಸುವ ಜಾಗ ನೋಡಿ. ಮರ್ಯಾದೆ ಎಂದುಕೊಂಡು ಹೊಸಬರನ್ನು ಮುಂದಿನ ಬೆಂಚಿಗೆ ಕರೆದೊಯ್ಯಬೇಡಿ. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ಅವರಿಗೆ ತಿಳಿಯುವುದು ಎದುರು ಕೂತವರನ್ನು ನೋಡಿಯೇ. ಹಿಂದಿನಿಂದ ಎರಡನೇ ಅಥವಾ ಮೂರನೇ ಸಾಲು ಸರಿ. ತೊಂದರೆ ಏನೆಂದರೆ ಆ ಸಾಲುಗಳು ಹಳಬರ ಪಿತ್ರಾರ್ಜಿತ ಆಸ್ತಿ! ಅವರನ್ನು ಮುಂದಕ್ಕೆ ಸರಿಸುವ ಕೆಲಸ ಪಾಸ್ಟರೇಟ್ ಕಮಿಟಿಯವರು (ಸಭೆಯ ಆಡಳಿತ ನೋಡುವ ಸಮಿತಿ) ತಾವೇ ಮುಂದೆ ಕೂತು ಶುರುಮಾಡಬೇಕು. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ ಕೊಟ್ಟು, ಕೊಳಕು ಬಟ್ಟೆಯ ಬಡವನಿಗೆ ಅಲ್ಲಿ ನಿಂತಿರು ಎನ್ನುವವರನ್ನು ಯಾಕೋಬನ ಪತ್ರಿಕೆ (2:2-4) ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತದೆ. ಕಾರಿನಲ್ಲಿ ಬಂದವರಿಗೂ, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ಸೆಕ್ಯುರಿಟಿ ಗಾರ್ಡಿಗೂ ಒಂದೇ ಸಾಲು.

ಇನ್ನು ಪುಸ್ತಕ. ಹಳಬರು ಬೈಬಲ್, ಹಾಡಿನ ಪುಸ್ತಕ, ಆರಾಧನಾ ಕ್ರಮ (ಆರಾಧನೆಯಲ್ಲಿ ಓದುವ ಪ್ರಾರ್ಥನೆಗಳ ಪುಸ್ತಕ) ಮೂರನ್ನೂ ಮನೆಯಿಂದ ತರುತ್ತಾರೆ, ಹೊಸಬರದು ಬರಿಗೈ. ಹಾಡಿನ ಪುಸ್ತಕ ಮತ್ತು ಕ್ರಮ ಹದಿನೈದು ಜೊತೆ ಹಿಂದೆ ಇಟ್ಟಿರಿ. ಸುಮ್ಮನೆ ಕೈಗೆ ಕೊಟ್ಟರೆ ಪ್ರಯೋಜನವಿಲ್ಲ, ಆ ದಿನದ ಪುಟ ತೆರೆದು ಕೊಡಬೇಕು. ಪಕ್ಕದಲ್ಲಿ ಕೂತವರು ಮಧ್ಯೆ ಒಮ್ಮೆ ಪುಟ ತೋರಿಸಿದರೆ ಸಾಕು, ಆರಾಧನೆಯುದ್ದಕ್ಕೂ ಪಾಠ ಹೇಳುವುದು ಬೇಡ.

ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಇರುವ ದಿನ ಎರಡು ಕಡೆ ಮುಜುಗರವಾಗುತ್ತದೆ. ಒಂದು, ಸಮಾಧಾನ ಹಂಚುವಾಗ, ಅಂದರೆ ಕೈ ಹಿಡಿದು ಒಬ್ಬರಿಗೊಬ್ಬರು ಶಾಂತಿ ಹಾರೈಸುವಾಗ. ಸಿ.ಎಸ್.ಐ. ಕ್ರಮದಲ್ಲಿ ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ, ಆಮೇಲೆ ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. ಗೊತ್ತಿಲ್ಲದವರು ಶೇಕ್‌ಹ್ಯಾಂಡ್‌ಗೆ ಕೈ ಚಾಚುತ್ತಾರೆ ಅಥವಾ ನಮಸ್ಕಾರ ಮಾಡುತ್ತಾರೆ. ಅವರು ಮಾಡಿದ್ದನ್ನೇ ನೀವೂ ಮಾಡಿ, ತಿದ್ದಬೇಡಿ. ಹೆಣ್ಣುಮಕ್ಕಳಿಗೆ ನಮಸ್ಕಾರವೇ ಹಿತವೆನಿಸಬಹುದು. ಎರಡನೆಯದು, ಸಾಲುಸಾಲಾಗಿ ಪೀಠದ ಬಳಿ ಹೋಗುವಾಗ. ಯಾರು ಭೋಜನ ತೆಗೆದುಕೊಳ್ಳಬಹುದು, ಉಳಿದವರು ಕೂತಲ್ಲೇ ಪ್ರಾರ್ಥಿಸಬಹುದು ಎಂದು ಸಭಾಪಾಲಕರು ಮೊದಲೇ ಎರಡು ವಾಕ್ಯ ಹೇಳಿಬಿಡಲಿ. ಆಶೀರ್ವಾದಕ್ಕೆ ಮಾತ್ರ ಮುಂದೆ ಬರುವ ರೂಢಿ ನಿಮ್ಮಲ್ಲಿದ್ದರೆ ಅದನ್ನೂ ಹೇಳಲಿ. ಇಲ್ಲದಿದ್ದರೆ ಪಕ್ಕದವರು "ಏಳಿ, ಏಳಿ" ಎಂದು ಮೊಣಕೈ ತಿವಿಯುವುದು ತಪ್ಪುವುದಿಲ್ಲ.

ಪ್ರಕಟಣೆ ಹೊತ್ತಿನಲ್ಲಿ ಹೊಸಬರನ್ನು ಎದ್ದು ನಿಲ್ಲಿಸಿ, ಹೆಸರು ಕೇಳಿ, ಚಪ್ಪಾಳೆ ತಟ್ಟುವ ಪದ್ಧತಿ ಇದ್ದರೆ ಈ ವಾರವೇ ಬಿಟ್ಟುಬಿಡಿ. ಮಾತುಗಾರರಿಗೆ ಅದು ಖುಷಿ ಕೊಡಬಹುದು. ಮನೆಯಲ್ಲಿ ಹೇಳದೆ ಬಂದವರಿಗೆ, ಬೇರೆ ಸಭೆಯಲ್ಲಿ ಜಗಳವಾಗಿ ಬಂದವರಿಗೆ ಅದು ಶಿಕ್ಷೆ.

ಈಗ ಆ ಹತ್ತು ನಿಮಿಷ. ಆಶೀರ್ವಾದವಾದ ಕೂಡಲೇ ನಮ್ಮವರೆಲ್ಲ ನೆಂಟರ ಹತ್ತಿರ, ಕಮಿಟಿಯವರೆಲ್ಲ ಕಮಿಟಿಯವರ ಹತ್ತಿರ. ಹೊಸಬರು ಒಬ್ಬರೇ ಗೇಟಿನ ಕಡೆ ನಡೆಯುತ್ತಾರೆ. ಕಾಫಿ ಮೇಜನ್ನು ಹಿಂದಿನ ಹಾಲ್‌ನಲ್ಲಿ ಇಡಬೇಡಿ, ಬಾಗಿಲಿಗೂ ಗೇಟಿಗೂ ನಡುವಿನ ದಾರಿಯಲ್ಲಿ ಇಡಿ. ನೂರು ಜನ ನಿಂತರೆ, 100 ಎಂ.ಎಲ್. ಲೆಕ್ಕದಲ್ಲಿ ಹತ್ತು ಲೀಟರ್ ಬೇಕು. ಸಕ್ಕರೆ ಬೇರೆ ಇಡಿ. ನಾಲ್ಕೈದು ಮಂದಿಗೆ ಸರದಿ ಹಾಕಿ, ಅವರ ಕೆಲಸ ಒಂದೇ: ಮೊದಲ ಐದು ನಿಮಿಷ ಪರಿಚಯವಿಲ್ಲದವರ ಜೊತೆ ಮಾತ್ರ ಮಾತು.

ಏನು ಮಾತಾಡಬೇಕು ಎನ್ನುವುದೂ ಮುಖ್ಯ. "ಯಾವ ಊರು? ಯಾರ ಪೈಕಿ?" ಎಂದು ಶುರುವಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಕೇಳಿಸಿಕೊಂಡವರಿಗೆ ಗೊತ್ತು. ಜಾತಿ ಚರ್ಚಿನ ಬಾಗಿಲಲ್ಲೇ ಉಳಿದುಬಿಡುವುದಿಲ್ಲ, ನಮ್ಮ ಪ್ರಶ್ನೆಗಳಲ್ಲಿ ಒಳಗೆ ಬರುತ್ತದೆ. "ನೀವು ಕ್ರೈಸ್ತರಾ?" ಎಂಬುದೂ ಬೇಡ. ಬಸ್ ಸಿಕ್ಕಿತಾ, ಸೆಖೆ ಆಯಿತಾ, ಹಾಡು ಗೊತ್ತಿದ್ದದ್ದೇನಾ, ಇಷ್ಟು ಸಾಕು.

ಫೋನ್ ನಂಬರ್ ಅವರಾಗಿ ಕೊಟ್ಟರೆ ಮಂಗಳವಾರದೊಳಗೆ ಜೊತೆಯಲ್ಲಿ ಕಾಫಿ ಕುಡಿದವರೇ ಒಂದು ಮೆಸೇಜ್ ಹಾಕಲಿ. ಸಭಾಪಾಲಕರೇ ಮೊದಲು ಫೋನ್ ಮಾಡಿದರೆ ಹಾಜರಿ ತೆಗೆದಂತೆ ಇರುತ್ತದೆ. ಕೇಳದೆ ವಾಟ್ಸಾಪ್ ಗುಂಪಿಗೆ ಸೇರಿಸಬೇಡಿ. ಹೇಳದೆ ಮನೆಗೆ ಹೋಗುವುದಂತೂ ಬೇಡವೇ ಬೇಡ: ಪಿ.ಜಿ.ಯಲ್ಲಿ ಇರುವ ಹುಡುಗಿಗೆ, ಮನೆಯವರು ಬೇರೆ ಧರ್ಮದವರಾಗಿರುವವರಿಗೆ, ಆ ಭೇಟಿಯಿಂದಲೇ ತೊಂದರೆ ಹುಟ್ಟಬಹುದು. ಹಿಂದಿನ ಸಭೆಯಿಂದ ಪತ್ರ ತರುವುದು, ಚಂದಾ, ಸದಸ್ಯತ್ವ ಇವುಗಳ ಮಾತನ್ನು ಅವರೇ ಎತ್ತಲಿ.