ಓದುಗರ ಪ್ರಶ್ನೆ: ಪರದೆಯ ಮೇಲಿನ ಹಳೆಯ ಕ್ಯಾಮೆರಾಗಳು

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಛಾಯಾಗ್ರಾಹಕನ ಪಾತ್ರ ಬಂದರೆ ಸಾಕು, ಅವನ ಕೊರಳಲ್ಲಿರುವುದು ಜರ್ಮನಿಯ ಲೈಕಾ ಕ್ಯಾಮೆರಾ ಎಂದು ನನ್ನ ಗೆಳೆಯರು ತೀರ್ಮಾನಿಸಿಬಿಡುತ್ತಾರೆ. ಹೆಸರು ಕಾಣದಿದ್ದರೂ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಗುರುತು ಹಿಡಿಯಬಹುದೆ?

ಉತ್ತರ: ಖಂಡಿತ. ಲೆನ್ಸಿನ ಮೂಲಕವಲ್ಲದೆ ಪಕ್ಕದ ಕಿಟಕಿಯಿಂದ ನೋಡಿ ಫೋಕಸ್ ಮಾಡುವ ಕ್ಯಾಮೆರಾವೇ ರೇಂಜ್‌ಫೈಂಡರ್; ಇಲ್ಲಿ ಹೇಳುವ ಲೈಕಾಗಳೆಲ್ಲ ಈ ಬಗೆಯವು. ಮೊದಲು ಕ್ಯಾಮೆರಾದ ನೆತ್ತಿ ನೋಡಿ. ಲೆನ್ಸಿನ ನೇರಕ್ಕೆ ಗೋಪುರದಂತೆ ಉಬ್ಬಿದ್ದರೆ ಅದು ಬಹುತೇಕ ಎಸ್‌ಎಲ್‌ಆರ್, ಅಂದರೆ ಲೆನ್ಸಿನ ಮೂಲಕವೇ ದೃಶ್ಯ ನೋಡುವ ಕ್ಯಾಮೆರಾ. ಒಳಗಿನ ಪ್ರಿಸಂಗೆ ಆ ಜಾಗ ಬೇಕು. ರೇಂಜ್‌ಫೈಂಡರಿನ ನೆತ್ತಿ ಸಪಾಟು. ಹಿಚ್‌ಕಾಕ್ ಅವರ ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದುಕೊಂಡು ಕುಳಿತ ನಾಯಕ ಎದುರುಮನೆಗಳತ್ತ ಉದ್ದನೆಯ ಲೆನ್ಸ್ ಹಿಡಿಯುತ್ತಾನಲ್ಲ, ಅದನ್ನೂ ಗೆಳೆಯರು ಲೈಕಾ ಎಂದರೆ ಒಪ್ಪಬೇಡಿ. ಅದು ಎಕ್ಸಾಕ್ಟಾ, ಎಸ್‌ಎಲ್‌ಆರ್.

ನೆತ್ತಿಯಾದ ಮೇಲೆ ಕಿಟಕಿಗಳು. ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಇದೇ. ಪರಸ್ಪರ ದೂರವಿರುವ ಎರಡು ಕಿಟಕಿಗಳಿಂದ ಬಂದ ಬಿಂಬಗಳು ಒಂದರ ಮೇಲೊಂದು ಕೂಡಿದಾಗಲೇ ಈ ಕ್ಯಾಮೆರಾದಲ್ಲಿ ಫೋಕಸ್ ಸರಿಯಾಗುವುದು. ಹಾಗಾಗಿ ಆ ಕಿಟಕಿಗಳನ್ನು ಯಾವ ತಯಾರಕನೂ ಬಚ್ಚಿಡಲಾರ. 1954ರ ಲೈಕಾ ಎಂ3ಯ ಮುಖದಲ್ಲಿ ಮೂರು ಕಾಣುತ್ತವೆ: ಎದುರಿನಿಂದ ನೋಡುವ ನಮಗೆ ಬಲತುದಿಯಲ್ಲಿ ದೊಡ್ಡ ವ್ಯೂಫೈಂಡರ್ (ಕಣ್ಣಿಟ್ಟು ದೃಶ್ಯ ನೋಡುವ ಕಿಟಕಿ), ಪಕ್ಕದಲ್ಲಿ ಮಸುಕು ಗಾಜಿನದು, ಅದರಾಚೆ ಪುಟ್ಟದೊಂದು. ಕಿಟಕಿಗಳ ಸುತ್ತ ತುಸು ಎದ್ದು ನಿಂತ ಅಂಚಿದ್ದರೆ ಎಂ3, ಸಪಾಟಾಗಿದ್ದರೆ ಎಂ2 ಇರಬಹುದು. ಕೆಂಪು ಬೊಟ್ಟನ್ನು ಹುಡುಕಬೇಡಿ. ಆಗಿನ ಲೈಕಾಗಳ ಮುಖದಲ್ಲಿ ಅದಿರಲಿಲ್ಲ.

ಅದಕ್ಕೂ ಹಿಂದಿನ, 1933ರ ಲೈಕಾ 3ರಲ್ಲಿ ಎರಡು ದುಂಡು ಕಿಟಕಿಗಳ ನಡುವೆ ಚೌಕದ್ದೊಂದು ಇದೆ. ಕೆಳಗೆ ನಿಧಾನ ಷಟರ್ ವೇಗಗಳ ಪುಟ್ಟ ಡಯಲ್. ಆ ಡಯಲ್ ಕಾಣದಿದ್ದರೆ ಅವಸರ ಬೇಡ. ಸೋವಿಯತ್ ಒಕ್ಕೂಟದ ಫೆಡ್ ಮತ್ತು ಜೋರ್ಕಿ ಕ್ಯಾಮೆರಾಗಳ ಮೊದಲ ಮಾದರಿಗಳು ಆ ಡಯಲ್ ಇಲ್ಲದ ಲೈಕಾ 2ರ ಪಡಿಯಚ್ಚು.

ಜರ್ಮನಿಯದೇ ಇನ್ನೊಂದು ರೇಂಜ್‌ಫೈಂಡರ್ ಆದ ಕಾಂಟ್ಯಾಕ್ಸ್ ಹಿಡಿದವರ ಬೆರಳು ಗಮನಿಸಿ. ಅದರ ಒಂದು ಕಿಟಕಿ ಬಲಗೈ ಬೆರಳುಗಳ ಜಾಗದಲ್ಲೇ ಇರುವುದರಿಂದ, ಪಳಗಿದವರು ಬೆರಳನ್ನು ಮಡಚಿ ದಾರಿ ಬಿಡುತ್ತಾರೆ. ನಟನೊಬ್ಬ ಹಾಗೆ ಹಿಡಿದದ್ದು ಕಂಡರೆ ಅವನಿಗೆ ಯಾರೋ ಬಲ್ಲವರು ಕಲಿಸಿದ್ದಾರೆ ಎಂದು ನನಗೆ ಬಹಳ ಸಂತೋಷವಾಗುತ್ತದೆ. ಇನ್ನು ಮುಖದ ಮೇಲೆಯೇ ಹಲ್ಲಿನ ಚಕ್ರವಿರುವ ಇಟ್ಟಿಗೆಯಾಕಾರದ ಕ್ಯಾಮೆರಾ ಕಂಡರೆ ಅದು ಅಮೆರಿಕದ ಆರ್ಗಸ್ ಸಿ3. ಹ್ಯಾರಿ ಪಾಟರ್ ಸರಣಿಯ ಎರಡನೇ ಚಿತ್ರದಲ್ಲಿ ಹುಡುಗ ಕಾಲಿನ್ ಹಿಡಿದು ಓಡಾಡುವುದು ಅದನ್ನೇ.

ನಿಯತಕಾಲಿಕಗಳ ಚಿತ್ರಗಳಲ್ಲಿ ಅಭ್ಯಾಸ ಮಾಡಬೇಕೆಂದಿದ್ದರೆ ಆಂಡ್ರಿಯಾಸ್ ಫೈನಿಂಗರ್ ತೆಗೆದ ‘ದಿ ಫೋಟೋಜರ್ನಲಿಸ್ಟ್’ನಿಂದ ಶುರುಮಾಡಿ. ಛಾಯಾಗ್ರಾಹಕ ಡೆನ್ನಿಸ್ ಸ್ಟಾಕ್ ಲೈಕಾವನ್ನು ನಿಲುವಾಗಿ ಮುಖಕ್ಕೆ ಹಿಡಿದಿದ್ದಾರೆ; ಒಂದು ಕಣ್ಣಿದ್ದಲ್ಲಿ ಲೆನ್ಸ್, ಇನ್ನೊಂದಿದ್ದಲ್ಲಿ ವ್ಯೂಫೈಂಡರ್. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಪ್ರಶ್ನೆ: ಪತ್ರಿಕೆಯೊಂದರ ಜಾಹೀರಾತಿನಲ್ಲಿ ಲೈಕಾದ ದೊಡ್ಡ ಕಿಟಕಿ ನಮ್ಮ ಎಡಕ್ಕಿತ್ತು. ಅದು ಬೇರೆ ಮಾದರಿಯೆ?

ಉತ್ತರ: ಅಲ್ಲ, ಚಿತ್ರವನ್ನು ತಿರುಗುಮುರುಗಾಗಿ ಅಚ್ಚು ಹಾಕಿದ್ದಾರೆ. ಅಂಗಿಯ ಗುಂಡಿ, ಕೈಗಡಿಯಾರ ನೋಡಿದರೆ ಖಾತ್ರಿಯಾಗುತ್ತದೆ. ಕನ್ನಡಿಯಲ್ಲಿ ತೆಗೆದುಕೊಂಡ ಸ್ವಚಿತ್ರಗಳಲ್ಲೂ ಹೀಗೇ ಕಾಣುತ್ತದೆ.

ಪ್ರಶ್ನೆ: ಎರಡನೇ ಮಹಾಯುದ್ಧದ ಕಥೆಯಲ್ಲಿ ವರದಿಗಾರ ಲೈಕಾದ ಲಿವರನ್ನು ಹೆಬ್ಬೆರಳಿನಿಂದ ಎಳೆದು ಫಿಲ್ಮ್ ಸರಿಸಿದ. ಲೆನ್ಸಿನ ಮುಚ್ಚಳವನ್ನೂ ತೆಗೆದಿರಲಿಲ್ಲ. ಎರಡೂ ತಪ್ಪಲ್ಲವೆ?

ಉತ್ತರ: ಮೊದಲನೆಯದು ತಪ್ಪು. ಲೈಕಾಗೆ ಆ ಲಿವರ್ ಬಂದದ್ದು ಎಂ3ಯ ಜತೆಗೆ, ಯುದ್ಧ ಮುಗಿದು ಒಂಬತ್ತು ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಗುಂಡನೆಯ ತಿರುಗಣೆಯನ್ನು ತಿರುವಬೇಕಿತ್ತು. ಮುಚ್ಚಳದ ವಿಷಯದಲ್ಲಿ ಮಾತ್ರ ನಾನು ನಟನ ಪರ. ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಕಿಟಕಿಯಿಂದ. ಮುಚ್ಚಳ ಹಾಕಿದ್ದರೂ ದೃಶ್ಯ ನಿಚ್ಚಳವಾಗಿ ಕಾಣುತ್ತಲೇ ಇರುತ್ತದೆ, ಆದ್ದರಿಂದ ನಿಜವಾದ ವರದಿಗಾರನೂ ಹಾಗೆ ಮರೆಯಬಲ್ಲ.