ಕಾಬ್ಲರ್ ಒಳಗೆ ಹಸಿ ಹಿಟ್ಟು ಯಾಕೆ ಉಳಿಯುತ್ತೆ?

ಪ್ರಶ್ನೆ: ಮೇಡಂ ನಮಸ್ತೆ, ನನ್ ಮಗಳು ಅಟ್ಲಾಂಟಾದಲ್ಲಿದಾಳೆ, ಅಲ್ಲಿಗೆ ಹೋಗಿದ್ದಾಗ ಪಕ್ಕದ್ಮನೆಯವ್ರು ಬಿಸಿಬಿಸಿ ಪೀಚ್ ಕಾಬ್ಲರ್ (ಹಣ್ಣು, ಹಿಟ್ಟು ಸೇರಿಸಿ ಓವನ್‌ನಲ್ಲಿ ಬೇಯಿಸೋ ಸಿಹಿ) ಮಾಡಿ ಮೇಲೆ ವೆನಿಲಾ ಐಸ್‌ಕ್ರೀಮ್ ಹಾಕಿ ಕೊಟ್ಟಿದ್ರು, ಊರಿಗೆ ಬಂದ್ಮೇಲೂ ಅದೇ ಧ್ಯಾನ. ಇಲ್ಲಿ ಓಟಿಜಿಲಿ (ಮನೆಯ ಪುಟ್ಟ ಕರೆಂಟ್ ಓವನ್) ಮಾಡಿದ್ರೆ ಮೇಲೆ ಕೆಂಪಗಾಗುತ್ತೆ, ಒಳಗೆ ಮಾತ್ರ ಅಂಟಂಟು. ನಾವು ಮೊಟ್ಟೆ ತಿನ್ನಲ್ಲ, ಅದಕ್ಕೇ ಹೀಗಾಗ್ತಿದ್ಯಾ? ಹಣ್ಣನ್ನ ಹಿಟ್ಟಿಗೆ ಚೆನ್ನಾಗೇ ಕಲಸಿದ್ದೆ. – ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊಟ್ಟೆ ಪಾಪ ಏನೂ ಮಾಡಿಲ್ಲ. ಅಮೆರಿಕದ ದಕ್ಷಿಣದ ಕಡೆ ಮನೆಗಳಲ್ಲಿ ಮಾಡೋ ಈ ಬೆಣ್ಣೆ ಕಾಬ್ಲರ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕೋದೇ ಇಲ್ಲ. ತೊಂದರೆ ಇರೋದು ನಿಮ್ಮ ಕೊನೇ ಸಾಲಲ್ಲಿ, ಕಲಸಿದ್ರಲ್ಲ, ಅದೇ. ಹಣ್ಣಿನ ರಸ ಹಿಟ್ಟಿಗೆಲ್ಲಾ ಸೇರ್ಕೊಂಡ್ರೆ ನಡುಭಾಗ ಬೇಯೋಕೆ ಎಷ್ಟೊತ್ತಾದ್ರೂ ಸಾಲಲ್ಲ.

ಹೀಗ್ ಮಾಡಿ. ಅಮುಲ್ ಬೆಣ್ಣೆ 100 ಗ್ರಾಂ ಪ್ಯಾಕೆಟ್ ಒಂದನ್ನ ಬೇಕಿಂಗ್ ಪಾತ್ರೆಗೆ ಹಾಕಿ ಓಟಿಜಿಯಲ್ಲೇ ಕರಗಿಸಿ, ಅದ್ರಲ್ಲೇ ಉಪ್ಪಿರುತ್ತೆ, ಬೇರೆ ಹಾಕ್ಬೇಡಿ. ಮೈದಾ 1 ಕಪ್, ಹಾಲು 1 ಕಪ್, ಸಕ್ಕರೆ ಮುಕ್ಕಾಲು ಕಪ್ (ಅವ್ರು 1 ಕಪ್ ಹಾಕ್ತಾರೆ, ನನ್ ಪ್ರಕಾರ ಅದು ಅತಿ), ಬೇಕಿಂಗ್ ಪೌಡರ್ 2 ಟೀಸ್ಪೂನ್, ಇಷ್ಟನ್ನೂ ಗಂಟಿಲ್ದಂಗೆ ಕದಡಿ ಆ ಬೆಣ್ಣೆ ಮೇಲೆ ಸುರೀರಿ, ಅದ್ರ ಮೇಲೆ 2 ಕಪ್ ಹಣ್ಣು ಹರಡಿ, ಆಮೇಲೆ ಸ್ಪೂನ್ ಕೆಳಗಿಟ್ಬಿಡಿ, ಏನೂ ಮುಟ್ಬೇಡಿ! ಹಣ್ಣು ಭಾರಕ್ಕೆ ಕೆಳಗಿಳಿಯುತ್ತೆ, ಬೇಕಿಂಗ್ ಪೌಡರ್‌ನಿಂದ ಹಿಟ್ಟು ಉಬ್ಬಿ ಮೇಲೆ ಬರುತ್ತೆ, ಅಂಚಲ್ಲಿರೋ ಬೆಣ್ಣೆಗೆ ಸುತ್ತಲೂ ಗರಿಗರಿ ಆಗುತ್ತೆ. ಮೊದ್ಲೇ ಬಿಸಿ ಮಾಡಿದ ಓಟಿಜಿಲಿ 180 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್, 45ರಿಂದ 50 ನಿಮಿಷ. ಮೇಲ್ಗಡೆ ಬೇಗ ಕೆಂಪಾದ್ರೆ ಫಾಯಿಲ್ ಮುಚ್ಚಿ. ಟೂತ್‌ಪಿಕ್ ಚುಚ್ಚಿ ನೋಡೋದು ಹಿಟ್ಟಿನ ಭಾಗಕ್ಕೆ, ಹಣ್ಣಿಗೆ ಚುಚ್ಚಿದ್ರೆ ಯಾವಾಗ್ಲೂ ಒದ್ದೆನೇ.

ಅಂದ್ಹಾಗೆ ಗಾಜಿನ ಪಾತ್ರೆ ಆದ್ರೆ ಫ್ರಿಜ್ಜಿಂದ ತೆಗೆದ ಹಾಲಲ್ಲಿ ಹಿಟ್ಟು ಕಲಸ್ಬೇಡಿ, ಬಿಸಿ ಗಾಜಿಗೆ ತಣ್ಣಗಿರೋದು ಬಿದ್ರೆ ಸೀಳಿಹೋಗ್ಬೋದು.

ಪ್ರಶ್ನೆ: ಪೀಚ್ ಸಿಗ್ದಿದ್ರೆ ಯಾವ ಹಣ್ಣು? ಮಾವು ಆಗುತ್ತಾ? – ಇನ್ನೊಬ್ಬ ಓದುಗರು, ಕೋಲಾರ

ಉತ್ತರ: ಕೋಲಾರದಲ್ಲಿ ಕೂತ್ಕೊಂಡು ಇದ್ ಕೇಳ್ತೀರಲ್ಲ! ಬಾದಾಮಿ ಮಾವು ಬೇಡ, ಬೆಂದ್ರೆ ಪೂರ್ತಿ ಕರಗೋಗುತ್ತೆ. ಗಿಣಿಮೂತಿ ಮಾವು ಅರೆಹಣ್ಣಾಗಿರೋದು ತಗೊಳ್ಳಿ, ಗಟ್ಟಿಯಾಗೂ ಇರುತ್ತೆ, ಆ ಹುಳಿ ಇದ್ರೇನೇ ಐಸ್‌ಕ್ರೀಮ್ ಜೊತೆ ಮಜಾ. ಅನಾನಸ್ ಆದ್ರೆ ಮೊದ್ಲು ಬಾಣಲೇಲಿ ಬಾಡಿಸಿ ನೀರು ಇಂಗಿಸ್ಕೊಳ್ಳಿ. ಡಬ್ಬಿ ಪೀಚ್ ಸಿಕ್ಕಿದ್ರೆ ಪಾಕ ಪೂರ್ತಿ ಬಸೀರಿ, ಸಕ್ಕರೆ ಅರ್ಧ ಕಪ್‌ಗೆ ಇಳಿಸಿ. ಬೇಸಿಗೇಲಿ ಹಿಮಾಚಲದ ಪೀಚ್ ಬಂದಾಗ ಸಿಕ್ರೆ ಕುದಿಯೋ ನೀರಲ್ಲಿ ಅರ್ಧ ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ, ಸಿಪ್ಪೆ ತಾನೇ ಬಿಟ್ಕೊಳ್ಳುತ್ತೆ.

ಪ್ರಶ್ನೆ: ಬೇಕಿಂಗ್ ಪೌಡರ್ ಬದ್ಲು ಅಡುಗೆ ಸೋಡ ಹಾಕ್ಬೋದಾ? – ಓದುಗರೊಬ್ಬರು, ಶಿರಸಿ

ಉತ್ತರ: ಬರೀ ಹಾಲಿಗೆ ಸೋಡ ಹಾಕಿದ್ರೆ ಸರಿಯಾಗಿ ಉಬ್ಬಲ್ಲ, ಸೋಪಿನ ರುಚಿ ಬೇರೆ. ಹಾಲಿನ ಬದ್ಲು ಹುಳಿ ಮಜ್ಜಿಗೆ ತಗೊಂಡ್ರೆ ಅರ್ಧ ಟೀಸ್ಪೂನ್ ಸೋಡ ನಡಿಯುತ್ತೆ. ಇಳಿಸಿದ್ಮೇಲೆ ಒಂದ್ 20 ನಿಮಿಷ ಬಿಟ್ಟು ಬಡಿಸಿ, ರಸ ಗಟ್ಟಿಯಾಗ್ಬೇಕು.